ಸಾಂತಯಂತ್ರ ಮತ್ತು ತರ್ಕವಾಕ್ಯ: ಬ್ಯೂಖಿ ಪ್ರಮೇಯದ ಒಂದು ವಿಮರ್ಶೆ

ಫೈನೈಟ್ ಆಟೊಮ್ಯಾಟನ್ ಎಂದು ಪ್ರಸಿದ್ಧವಾದ ಸಾಂತಯಂತ್ರವು ಗುರುತಿಸಬಲ್ಲ ಅಕ್ಷರಸರಣಿಗಳ ಸಮೂಹಗಳು ಯಾವುವೋ, ಏಕಸ್ಥಾನಿಕ ದ್ವಿತೀಯ ಶ್ರೇಣಿಯ ತರ್ಕದ ವಾಕ್ಯಗಳು ವರ್ಣಿಸಬಲ್ಲ ಸಮೂಹಗಳೂ ಅವೇ ಎಂಬುದನ್ನು ಜೆ. ರಿಚರ್ಡ್ ಬ್ಯೂಖಿಯವರು 1960ರಲ್ಲಿ ಸಾಧಿಸಿದರು. ಎಲ್ಗಾಟ್ ಮತ್ತು ಟ್ರಾಖ್ಟೆನ್‌ಬ್ರಾಟ್ ಅವರೂ ಅದೇ ಕಾಲದಲ್ಲಿ ಸ್ವತಂತ್ರವಾಗಿ ಈ ಫಲಿತಾಂಶವನ್ನು ಮುಟ್ಟಿದರು. ತರಗತಿಗಳಲ್ಲಿ ಇದನ್ನು 'ತರ್ಕವೂ ಯಂತ್ರವೂ ಒಂದೇ' ಎಂಬ ಒಂದು ಮಾತಿನಲ್ಲಿ ಹೇಳಿ ಮುಂದೆ ಸಾಗುವುದುಂಟು. ಈ ಸಂಕ್ಷೇಪವು ಪ್ರಮೇಯದ ತಿರುಳನ್ನೇ ಮರೆಮಾಡುತ್ತದೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ಯಾವ ತರ್ಕ? ಅಕಾರ ಇಕಾರಗಳಿಂದಾದ ಸರಣಿಯಲ್ಲಿ ಅಕಾರಗಳ ಸಂಖ್ಯೆ ಸಮವೇ ಎಂಬುದನ್ನು ಎರಡೇ ಸ್ಥಿತಿಗಳುಳ್ಳ ಯಂತ್ರವು ಲೀಲಾಜಾಲವಾಗಿ ತಿಳಿಸುತ್ತದೆ. ಒಂದೊಂದು ಸ್ಥಾನವನ್ನೂ ಸ್ಥಾನಗಳ ಹಿಂದುಮುಂದನ್ನೂ ಮಾತ್ರ ಹೇಳಬಲ್ಲ ಪ್ರಥಮ ಶ್ರೇಣಿಯ ತರ್ಕಕ್ಕೆ ಇದು ಅಸಾಧ್ಯ. ಆ ತರ್ಕದ ಎಲ್ಲೆಯು ಇಂಥ ಎಣಿಕೆಯನ್ನರಿಯದ ಯಂತ್ರಗಳ ಎಲ್ಲೆಯೇ ಎಂಬುದು ಶ್ಯುಟ್ಸೆನ್‌ಬರ್ಜೆಯವರ 1965ರ ಲೇಖನದಿಂದಲೂ ಮ್ಯಾಕ್‌ನಾಟನ್ ಮತ್ತು ಪೇಪರ್ಟ್ ಅವರ 1971ರ ಗ್ರಂಥದಿಂದಲೂ ಸ್ಪಷ್ಟವಾಯಿತು. ದ್ವಿತೀಯ ಶ್ರೇಣಿಯಲ್ಲಾದರೋ ಸ್ಥಾನಗಳ ಗಣವೊಂದಿದೆಯೆಂದು ಹೇಳಲು ಅವಕಾಶವಿದೆ: ಮೊದಲ ಅಕಾರ ಆ ಗಣದಲ್ಲಿದೆ, ಮುಂದಿನವು ಒಂದು ಬಿಟ್ಟು ಒಂದು ಅದರಲ್ಲಿವೆ, ಕೊನೆಯದು ಅದರಲ್ಲಿಲ್ಲ. ಇಷ್ಟೇ ಸಾಕು. ಇಲ್ಲಿ ಗಣವು ಯಂತ್ರದ ಸ್ಥಿತಿಯ ಕೆಲಸವನ್ನೇ ಮಾಡುತ್ತಿದೆ. ಯಾವ ಯಂತ್ರವನ್ನಾದರೂ ಹೀಗೆಯೇ ವಾಕ್ಯವಾಗಿ ಬರೆಯಬಹುದು; ಇದು ಸುಲಭದ ದಾರಿ.

ಕಷ್ಟವಿರುವುದು ವಾಕ್ಯದಿಂದ ಯಂತ್ರಕ್ಕೆ ಬರುವಾಗ. 'ಇಂಥ ಗಣವೊಂದಿದೆ' ಎಂಬುದನ್ನು ಯಂತ್ರವು ಊಹೆಯಿಂದ ನಿರ್ವಹಿಸುತ್ತದೆ. ಆದುದರಿಂದ ಅದು ಅನಿಶ್ಚಿತ ಯಂತ್ರವಾಗುತ್ತದೆ. ಅದರ ಮೇಲೆ ನಿಷೇಧ ಬಂದಾಗ ಸ್ವೀಕಾರ ತಿರಸ್ಕಾರಗಳ ಸ್ಥಿತಿಗಳನ್ನು ಅದಲುಬದಲು ಮಾಡಿದರೆ ಸಾಲದು. ಒಂದು ಊಹೆ ಸೋತರೂ ಇನ್ನೊಂದು ಗೆಲ್ಲಬಹುದಷ್ಟೆ. ಮೊದಲು ಅದನ್ನು ರಾಬಿನ್ ಮತ್ತು ಸ್ಕಾಟ್ ಅವರ 1959ರ ವಿಧಾನದಿಂದ ನಿಶ್ಚಿತಗೊಳಿಸಬೇಕು. ಆಗ 10 ಸ್ಥಿತಿಗಳು 1,024ರವರೆಗೆ ಬೆಳೆಯಬಹುದು. 'ಇದೆ', 'ಇಲ್ಲ'ಗಳು ಒಂದರೊಳಗೊಂದು ಹೆಣೆದುಕೊಂಡಂತೆಲ್ಲ ಘಾತದ ಮೇಲೆ ಘಾತ ಏರುತ್ತದೆ. ಇದು ಬ್ಯೂಖಿಯವರ ರಚನೆಯ ದೋಷವಲ್ಲ. ಈ ಏರಿಕೆಯನ್ನು ಯಾವುದೇ ನಿಗದಿತ ಅಂತಸ್ತಿನೊಳಗೆ ನಿಲ್ಲಿಸುವ ನಿರ್ಣಯವಿಧಾನವೇ ಇರಲಾರದೆಂದು ಮೇಯರ್ ಅವರ 1975ರ ಲೇಖನವು ತೋರಿಸಿದೆ.

ಹಾಗೆಂದು ಈ ಮಾರ್ಗ ಕೇವಲ ಕಾಗದದ ಮೇಲಿನದೆಂದು ತಿಳಿಯಬಾರದು. 1990ರ ದಶಕದಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ರಚಿತವಾದ 'ಮೋನಾ' ಎಂಬ ಗಣಕಸಾಧನವು ಪ್ರತಿ ಹಂತದಲ್ಲೂ ಯಂತ್ರವನ್ನು ಕನಿಷ್ಠ ಸ್ಥಿತಿಗಳಿಗೆ ಇಳಿಸಿಕೊಳ್ಳುತ್ತ, ಇದೇ ದಾರಿಯಲ್ಲಿ ನಡೆದು, ವ್ಯವಹಾರದಲ್ಲಿ ಎದುರಾಗುವ ಅನೇಕ ವಾಕ್ಯಗಳನ್ನು ನಿರ್ಣಯಿಸಿದೆ. ಪ್ರಮೇಯವನ್ನು ಬೋಧಿಸುವ ಅಧ್ಯಾಪಕರು ನಿಷೇಧವಿರುವ ಒಂದು ವಾಕ್ಯಕ್ಕಾದರೂ ವಿದ್ಯಾರ್ಥಿಗಳ ಕೈಯಿಂದಲೇ ಯಂತ್ರವನ್ನು ಕಟ್ಟಿಸಬೇಕೆಂದು ನಾವು ಸೂಚಿಸುತ್ತೇವೆ.