ಅಂಗಡಿಯ ನವಿಲು, ಮನೆಯ ಟೀವಿ

ಕಳೆದ ಮಳೆಗಾಲದ ಒಂದು ಸಿಡಿಲಿಗೆ ನಮ್ಮ ಮನೆಯ ಹಳೆಯ ಟೀವಿ ಕಣ್ಣು ಮುಚ್ಚಿತು. ಸಾಗರದ ಮಳೆ ಗೊತ್ತಿದ್ದವರಿಗೆ ಇದೇನೂ ಹೊಸ ಸುದ್ದಿಯಲ್ಲ. "ಗುಡುಗಿದಾಗ ವಯರು ಕೀಳಬೇಕು ಅಂತ ಎಷ್ಟು ಸಲ ಹೇಳಿದ್ದೆ" ಎಂದು ಯಜಮಾನರು ತಪ್ಪನ್ನು ನನ್ನ ತಲೆಗೆ ಕಟ್ಟಿದರು. ಆ ಹೊತ್ತಿನಲ್ಲಿ ನಾನು ಶಾಲೆಯಲ್ಲಿದ್ದೆ, ಮನೆಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದವರು ಅವರೇ ಎಂಬುದು ಬೇರೆ ಮಾತು. ನಿಜಕ್ಕೂ ಕಷ್ಟಕ್ಕೆ ಬಿದ್ದವರು ನಮ್ಮ ಅತ್ತೆ. ಅವರಿಗೆ 82 ವರ್ಷ. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಮಂಡಿನೋವಿನಿಂದ ಅಂಗಳಕ್ಕೂ ಇಳಿಯಲಾರರು. ಹಗಲೆಲ್ಲ ಅವರ ಜೊತೆಗಿದ್ದದ್ದು ಟೀವಿಯೊಂದೇ.

ಬೆಂಗಳೂರಿನಿಂದ ಮಗ ಫೋನಿನಲ್ಲೇ ತೀರ್ಪು ಕೊಟ್ಟ. "ಅಮ್ಮಾ, 65 ಇಂಚಿನ ಓಎಲ್‌ಇಡಿ ತಗೊಂಡ್ಬಿಡು. ಕಂತಿನಲ್ಲಿ ಕಟ್ಟಿದರಾಯ್ತು." ಕಟ್ಟಬೇಕಾದವಳು ನಾನು. ಚೀಟಿ ಎತ್ತಿದ 60,000 ರೂಪಾಯಿ ಕೈಯಲ್ಲಿತ್ತು. ಅದರಲ್ಲಿ ಅತ್ತೆಯ ಬಚ್ಚಲಿಗೆ ಜಾರದ ಕಲ್ಲು ಹಾಕಿಸಿ, ಗೋಡೆಗೆ ಹಿಡಿಕೆ ಕೂರಿಸಬೇಕೆಂದು ವರ್ಷದಿಂದ ಅಂದುಕೊಂಡಿದ್ದೆ. ಮಗ ಹೇಳಿದ ಟೀವಿಯ ಬೆಲೆಯೋ ನನ್ನ ಚೀಟಿಯ ಹಣದ ಎರಡು ಪಟ್ಟನ್ನೂ ದಾಟಿತ್ತು.

ಅಂಗಡಿಯ ಗೋಡೆಯ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ನವಿಲು, ಒಂದೇ ಜಲಪಾತ. ತೋರಿಸಲು ಬಂದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. "ಇದು ಎಲ್‌ಇಡಿ, ಇದು ಕ್ಯೂಎಲ್‌ಇಡಿ, ಇದು ಓಎಲ್‌ಇಡಿ ಮೇಡಂ" ಎಂದ. ಹೆಸರು ಕೇಳಿದರೆ ಒಂದೇ ಮನೆಯ ಮಕ್ಕಳಂತಿವೆ. "ವ್ಯತ್ಯಾಸ ಹೇಳಪ್ಪ" ಎಂದಾಗ, ಸಮಾಜ ಪಾಠದಲ್ಲಿ ತಡವರಿಸುತ್ತಿದ್ದಂತೆಯೇ ತಡವರಿಸಿದ. ಕೊನೆಗೆ ನಾನೇ ಕೇಳಿ, ಓದಿ ತಿಳಿದುಕೊಳ್ಳಬೇಕಾಯಿತು.

ಎಲ್‌ಇಡಿ ಎಂದು ಮಾರುವುದು ಹಳೆಯ ಎಲ್‌ಸಿಡಿಯನ್ನೇ. ಹಿಂದೆ ದೀಪ, ಮುಂದೆ ಬೆಳಕನ್ನು ಬಿಡುವ, ತಡೆಯುವ ಪರದೆ. ನಮ್ಮ ತೊಗಲುಗೊಂಬೆಯಾಟದ ಹಾಗೆ ಎನ್ನಿ. ಕ್ಯೂಎಲ್‌ಇಡಿಯೂ ಅದೇ ಆಟ. ಬಣ್ಣ ಚೊಕ್ಕವಾಗಲೆಂದು ನಡುವೆ ಸೂಕ್ಷ್ಮ ಕಣಗಳ ಒಂದು ಪದರ ಹೆಚ್ಚಿಗೆ ಇರುತ್ತದೆ. ಓಎಲ್‌ಇಡಿಯ ದಾರಿಯೇ ಬೇರೆ. ಅಲ್ಲಿ ಹಿಂದೆ ದೀಪವಿಲ್ಲ, ಒಂದೊಂದು ಚುಕ್ಕಿಯೂ ತಾನೇ ಹಣತೆ. ಕಪ್ಪು ಬೇಕಾದಲ್ಲಿ ಹಣತೆ ಪೂರ್ತಿ ಆರುತ್ತದೆ. ಹಾಗಾಗಿ ಅದರ ಕಪ್ಪಿಗೆ ಸಾಟಿಯಿಲ್ಲ. ಮಗ ಹೇಳಿದ್ದು ಸುಳ್ಳಲ್ಲ.

ಆದರೆ ಆ ಕಪ್ಪನ್ನು ನೋಡಲು ಕೋಣೆ ಕತ್ತಲಾಗಿರಬೇಕು. ನಮ್ಮ ನಡುಮನೆಯ ಮಾಡಿನಲ್ಲಿ ಎರಡು ಗಾಜಿನ ಹೆಂಚುಗಳಿವೆ. ಅತ್ತೆ ನೋಡುವುದು ಹಾಡುಹಗಲಿನಲ್ಲಿ. ಅದೂ ಬೆಳಗಿನಿಂದ ಸಂಜೆಯವರೆಗೆ ಒಂದೇ ಚಾನೆಲ್. ಓಎಲ್‌ಇಡಿಯಲ್ಲಿ ಹೀಗೆ ಮೂಲೆಯಲ್ಲಿ ಒಂದೇ ಗುರುತು ವರ್ಷಗಟ್ಟಲೆ ನಿಂತರೆ, ಅದರ ಅಚ್ಚು ಪರದೆಯಲ್ಲೇ ಉಳಿದುಬಿಡಬಹುದು. ಕಂಪನಿಗಳು ಇದನ್ನು ತಡೆಯುವ ಉಪಾಯಗಳನ್ನು ಮಾಡಿವೆಯಾದರೂ, ಅತ್ತೆಯಂಥ ಪ್ರೇಕ್ಷಕರಿಗೆ ಆ ಅಪಾಯ ಪೂರ್ತಿ ತಪ್ಪಿಲ್ಲ.

"ನವಿಲು ತೆಗೆದು ಕನ್ನಡದ ಸಾಧಾರಣ ಚಾನೆಲ್ ಹಾಕು" ಎಂದೆ. ಹುಡುಗನಿಗೆ ಅಷ್ಟು ಮನಸ್ಸಿರಲಿಲ್ಲ. ಹಾಕಿದ ಮೇಲೆ ಕಾರಣ ತಿಳಿಯಿತು. 4ಕೆ ಪರದೆಯಲ್ಲಿ 82,94,400 ಚುಕ್ಕಿಗಳು. ಎಚ್‌ಡಿ ಅಲ್ಲದ ಚಾನೆಲ್ಲಿನ ಚಿತ್ರದಲ್ಲಿ ಹೆಚ್ಚೆಂದರೆ 4,14,720. ಒಂದು ಚುಕ್ಕಿಯನ್ನು ಇಪ್ಪತ್ತಕ್ಕೆ ಹಿಗ್ಗಿಸಬೇಕು. ನಾಲ್ಕು ಸಾಲಿನ ಉತ್ತರವನ್ನು ಎಂಬತ್ತು ಸಾಲಿಗೆ ಎಳೆಯುವ ಮಕ್ಕಳ ಹಾಗೆ! ಆ 65 ಇಂಚಿನಲ್ಲಿ ಸೊಸೆಯ ಪಾತ್ರದವಳ ಮುಖ ತುಂತುರು ಮಳೆಗೆ ಸಿಕ್ಕ ರಂಗೋಲಿಯಂತಿತ್ತು. ದನಿಯೋ, ತೆಳುವಾದ ಪೆಟ್ಟಿಗೆಯ ಕೆಳಗಿನಿಂದ ಗೊಣಗಿದಂತೆ ಬರುತ್ತಿತ್ತು. ಅತ್ತೆ ಮನೆಯಿಂದ ಹೊರಡುವಾಗಲೇ ಹೇಳಿದ್ದರು: "ನಂಗೆ ಮಾತು ಕೇಳ್ಬೇಕು ಮಾರಾಯ್ತಿ, ಅಷ್ಟೇ."

"2025ರ ಸೆಪ್ಟೆಂಬರಿನಲ್ಲಿ ತೆರಿಗೆ ಇಳೀತಲ್ಲ ಮೇಡಂ, 28ರಿಂದ 18ಕ್ಕೆ" ಎಂದು ಹುಡುಗ ಆಸೆ ಹುಟ್ಟಿಸಿದ. ನಿಜ, 32 ಇಂಚಿಗಿಂತ ದೊಡ್ಡ ಟೀವಿಗಳಿಗೆ ಅಷ್ಟು ಇಳಿದಿದೆ. ಆದರೆ ಆ ಲಾಭ ಕೊಳ್ಳುವ ದಿನ ಒಮ್ಮೆ ಮಾತ್ರ. ಖರ್ಚು ತಿಂಗಳು ತಿಂಗಳೂ ಬರುತ್ತದೆ. 100 ವ್ಯಾಟಿನ ಟೀವಿ ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 30 ಯೂನಿಟ್, 200 ವ್ಯಾಟಿನದಾದರೆ 60. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಮ್ಮದೇ. ಇನ್ನು ಪರದೆ ಒಡೆದರೆ? ನನ್ನ ತಮ್ಮನ ಮನೆಯಲ್ಲಿ ಮಗು ಎಸೆದ ರಿಮೋಟಿಗೆ ಪರದೆ ಬಿರುಕುಬಿಟ್ಟಿತು. ಹೊಸ ಪರದೆಗೆ ಕೇಳಿದ ಹಣಕ್ಕೆ ಇನ್ನೊಂದಿಷ್ಟು ಸೇರಿಸಿದ್ದರೆ ಹೊಸ ಟೀವಿಯೇ ಬರುತ್ತಿತ್ತು. ಬಿದ್ದು ಒಡೆದದ್ದಕ್ಕೆ ವಾರಂಟಿ ಇಲ್ಲ.

ಕಡೆಗೆ ತಂದದ್ದು 43 ಇಂಚಿನ ಸಾದಾ ಎಲ್‌ಇಡಿ. ಜೊತೆಗೊಂದು ಚಿಕ್ಕ ಸೌಂಡ್‌ಬಾರ್. ಅತ್ತೆಯ ಚಾನೆಲ್ಲಿಗೆ ಮಾತ್ರ ಎಚ್‌ಡಿ ಹಾಕಿಸಿದೆ. ಅವರ ಕುರ್ಚಿಯನ್ನು ಎರಡು ಅಡಿ ಮುಂದಕ್ಕೆ ಸರಿಸಿದೆ. ಟೀವಿ ಖರ್ಚಿಲ್ಲದೆ ದೊಡ್ಡದಾಯಿತು.

ಟೀವಿ ಕೊಳ್ಳಹೊರಟ ಗೆಳತಿಯರಿಗೆ ನನ್ನ ಮಾತು ಇಷ್ಟೇ. ಅಂಗಡಿಯವರು ತೋರಿಸುವುದು ಅವರ ಚಿತ್ರ, ಅವರ ದೀಪದ ಬೆಳಕಿನಲ್ಲಿ. ನೀವು ನೋಡಬೇಕಾದದ್ದು ನಿಮ್ಮ ಚಾನೆಲ್, ನಿಮ್ಮ ಕೋಣೆ, ನಿಮ್ಮ ಮನೆಯಲ್ಲಿ ಅದನ್ನು ಹೆಚ್ಚು ಹೊತ್ತು ನೋಡುವವರ ಕಣ್ಣು ಕಿವಿ. ಕತ್ತಲೆ ಕೋಣೆಯಲ್ಲಿ ಒಳ್ಳೆಯ ಸಿನಿಮಾ ನೋಡುವವರಿಗೆ ಓಎಲ್‌ಇಡಿಯೇ ಸರಿ. ಮಗ ಅವನ ಮನೆಗೆ ಅದನ್ನೇ ಕೊಳ್ಳಲಿ.

ದೀಪಾವಳಿಗೆ ಬಂದವನು ಪರದೆ ನೋಡಿ ಮೂಗು ಮುರಿದ. "ಅಮ್ಮಾ, ಕಪ್ಪು ಕಪ್ಪಾಗಿಲ್ಲ." ನಾನೆಂದೆ: "ನಿನ್ನಜ್ಜಿಯ ಸೀರಿಯಲ್ಲಿನಲ್ಲಿ ಕಪ್ಪೆಲ್ಲಿದೆಯೋ? ರಾತ್ರಿ ಮಲಗುವಾಗಲೂ ಒಡವೆ ಹಾಕಿಕೊಂಡು ಹೊಳೆಯುತ್ತಿರುತ್ತಾರೆ." ಅವನು ನಕ್ಕ.

ಉಳಿದ ಹಣ ಎಲ್ಲಿ ಹೋಯಿತೆಂದು ಕೇಳಿದಾಗ ಬಚ್ಚಲಿಗೆ ಕರೆದೊಯ್ದು ತೋರಿಸಿದೆ. ಹೊಸ ಕಲ್ಲಿನ ಮೇಲೆ ನಿಂತು, ಗೋಡೆಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದ. ಅದು ಅಲ್ಲಾಡಲಿಲ್ಲ.