ಫೋರ್ಜ್ ಆದ ಮಾತ್ರಕ್ಕೆ ಡೈ ಬಾಳುವುದಿಲ್ಲ

ಟೂಲ್ ಸ್ಟೀಲ್ ಫೋರ್ಜಿಂಗ್ ಎಂದರೆ ಉಪಕರಣದ ಉಕ್ಕನ್ನು ಕೆಂಪಗೆ ಕಾಯಿಸಿ, ಪ್ರೆಸ್ಸಿನಲ್ಲಿ ಅದುಮಿ ಇಲ್ಲವೇ ಹ್ಯಾಮರಿನಲ್ಲಿ ಬಡಿದು ಮಾಡಿದ ಬ್ಲಾಕು, ರಿಂಗು, ಡಿಸ್ಕು. ಡೈ, ಪಂಚ್, ಶಿಯರ್ ಬ್ಲೇಡುಗಳು ಇವುಗಳಿಂದ ತಯಾರಾಗುತ್ತವೆ. ಬೆಂಗಳೂರಿನ ಗಂಗಾನಗರದಿಂದ ಪಶ್ಚಿಮಕ್ಕೆ ಮೇಖ್ರಿ ಸರ್ಕಲ್, ಯಶವಂತಪುರ ದಾಟಿ ಪೀಣ್ಯ ಸೇರಿದರೆ ಈ ಉಕ್ಕನ್ನೇ ನೆಚ್ಚಿಕೊಂಡ ಟೂಲ್‌ರೂಮುಗಳು ಸಾಲುಸಾಲಾಗಿ ಸಿಗುತ್ತವೆ. 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬಂದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿ ಈ ಭಾಗದಲ್ಲಿ ನುರಿತ ಕೈಗಳನ್ನು ಬೆಳೆಸಿದವು. ಹೀಗಾಗಿ ಮಷೀನಿಂಗ್ ಕೆಲಸದಲ್ಲಿ ಬೊಟ್ಟು ಮಾಡಿ ತೋರಿಸುವಂಥ ಲೋಪ ಕಡಿಮೆ. ಎಡವಟ್ಟಾಗುವುದು ಉಕ್ಕು ಕೊಳ್ಳುವಾಗ.

ಫೋರ್ಜಿಂಗಿನ ಲಾಭ ಢಾಳಾಗಿ ಕಾಣುವುದು ಡಿ2 ಉಕ್ಕಿನಲ್ಲಿ. ಇದರಲ್ಲಿ ಸುಮಾರು ಶೇ 1.5 ಇಂಗಾಲ, ಶೇ 12 ಕ್ರೋಮಿಯಂ ಇರುತ್ತವೆ. ಇಂಗಾಟ್ ಹೆಪ್ಪುಗಟ್ಟುವಾಗ ಕ್ರೋಮಿಯಂ ಕಾರ್ಬೈಡು ಉಕ್ಕಿನ ಕಣಗಳ ಸುತ್ತ ಬಲೆ ಕಟ್ಟುತ್ತದೆ. ಬಿರುಕು ಓಡಲು ಅದೇ ದಾರಿ. ಆ ಬಲೆಯನ್ನು ಹರಿದು ಚದುರಿಸುವುದೇ ಫೋರ್ಜಿನ ಕೆಲಸ. ತುಂಡೊಂದನ್ನು ಕೊಯ್ದು, ಕನ್ನಡಿಯಂತೆ ಪಾಲಿಶ್ ಮಾಡಿ, ನೈಟಾಲ್ ಆಮ್ಲ ಸವರಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬಣ್ಣ ಬಯಲಾಗುತ್ತದೆ. ಚೆನ್ನಾಗಿ ಬಡಿದ ಉಕ್ಕಿನಲ್ಲಿ ಬಿಳಿ ಕಾರ್ಬೈಡುಗಳು ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಅರೆಬರೆ ಬಡಿದದ್ದರಲ್ಲಿ ಬಲೆಯ ಚೂರುಗಳೂ ದಪ್ಪ ಪಟ್ಟೆಗಳೂ ಹಾಗೇ ಉಳಿದಿರುತ್ತವೆ. ಹಾರ್ಡನಿಂಗ್ ಆದಮೇಲೆ ಎರಡೂ 60 ಎಚ್‌ಆರ್‌ಸಿ ಗಡಸುತನ ತೋರಿಸಬಲ್ಲವು. ಹಾರ್ಡ್‌ನೆಸ್ ರಿಪೋರ್ಟ್ ಒಂದನ್ನೇ ನೋಡಿ ಮಾಲು ಪಾಸ್ ಮಾಡುವ ರೂಢಿ ಸೋಲುವುದು ಇಲ್ಲೇ.

ಬಡಿತದ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಒಂದೇ ಕಡೆಗೆ ಎಳೆದ ಬ್ಲಾಕಿನಲ್ಲಿ ಕಾರ್ಬೈಡುಗಳು ಉದ್ದಕ್ಕೆ ಸಾಲುಗಟ್ಟುತ್ತವೆ; ಅಡ್ಡಲಾಗಿ ಬಿದ್ದ ಏಟಿಗೆ ಅಂಚು ಸಿಡಿಯುತ್ತದೆ. ಗಡಸು ಮಾಡಿದಾಗ ಉದ್ದ ಹಿಗ್ಗಿದಷ್ಟು ಅಗಲ ಹಿಗ್ಗುವುದಿಲ್ಲ. 100 ಮಿ.ಮೀ.ಗೆ ಹತ್ತಾರು ಮೈಕ್ರಾನ್ ಹೆಚ್ಚುಕಡಿಮೆಯಾದರೂ ಪಂಚ್ ಮತ್ತು ಡೈ ನಡುವಿನ ಕ್ಲಿಯರೆನ್ಸ್ ಕೆಡುತ್ತದೆ. ಬ್ಲಾಕನ್ನು ನಿಲ್ಲಿಸಿ ಕುಗ್ಗಿಸಿ, ಮತ್ತೆ ಎಳೆದು, ದಿಕ್ಕು ಬದಲಿಸಿ ಬಡಿದರೆ ಈ ದೋಷ ತಗ್ಗುತ್ತದೆ. ಅದಕ್ಕೆ ದರ ಜಾಸ್ತಿ, ಮತ್ತು ಆರ್ಡರಿನಲ್ಲಿ ಬರೆದು ಕೇಳಬೇಕು. ಬರಿದೆ ಹೈ ಕಾರ್ಬನ್ ಹೈ ಕ್ರೋಮಿಯಂ ಎಂಬರ್ಥದ ‘ಎಚ್‌ಸಿಎಚ್‌ಸಿಆರ್’ ಎಂದು ಬರೆದರೆ ಡಿ2 ಬರಬಹುದು, ಶೇ 2ಕ್ಕೂ ಮಿಕ್ಕಿ ಇಂಗಾಲವಿರುವ ಡಿ3ಯೂ ಬರಬಹುದು. ಡಿ3 ಸವೆತಕ್ಕೆ ಗಟ್ಟಿ, ಏಟಿಗೆ ಪೆಡಸು. ಅದನ್ನು ಸಾಮಾನ್ಯವಾಗಿ ಎಣ್ಣೆಯಲ್ಲಿ ಅದ್ದುತ್ತಾರೆ, ಡಿ2 ಗಾಳಿಯಲ್ಲೇ ಗಡಸಾಗುತ್ತದೆ.

ಅಲ್ಯೂಮಿನಿಯಂ ಡೈಕಾಸ್ಟಿಂಗಿಗೆ ಬೇಕಾದ ಎಚ್13ರ ಕಥೆ ಬೇರೆ. ಶೇ 0.4ರಷ್ಟು ಇಂಗಾಲ, ಶೇ 5ರಷ್ಟು ಕ್ರೋಮಿಯಂ ಇರುವ ಈ ಉಕ್ಕು ಬಿಸಿಯಲ್ಲೂ ಬಿಗಿ ಬಿಡುವುದಿಲ್ಲ. ದೊಡ್ಡ ಬ್ಲಾಕಿನಲ್ಲಿ ಪ್ರೆಸ್ಸಿನ ಒತ್ತಡ ನಡುವಿನ ತನಕ ಇಳಿದು ಒಳಗಿನ ಟೊಳ್ಳನ್ನು ಮುಚ್ಚಬೇಕು. ಮೇಲ್ಮೈಯನ್ನಷ್ಟೇ ತಟ್ಟಿದ ಬ್ಲಾಕಿಗೆ ಫೋರ್ಜಿಂಗಿನ ದರ ಕೊಡುವುದು ದಂಡ. ಕರಗಿಸುವಾಗಲೇ ಉಳಿದ ಕಿಟ್ಟದ ಕಣಗಳನ್ನು ಎಷ್ಟು ಬಡಿದರೂ ತೆಗೆಯಲಾಗದು. ಅದಕ್ಕೆ ಇಎಸ್‌ಆರ್ ವಿಧಾನದಲ್ಲಿ ಮರುಕರಗಿಸಿದ ಉಕ್ಕೇ ಆಗಬೇಕು.

ಫೋರ್ಜ್ ಮಾಡುವಾಗಿನ, ಆದಮೇಲಿನ ಅವಸರ ಇನ್ನೂ ಕೆಟ್ಟದ್ದು. ಈ ಉಕ್ಕುಗಳನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಡಿದರೆ ಬಿರುಕು ಬಿಡುತ್ತವೆ. ಬಯಲಲ್ಲಿ ಆರಲು ಬಿಟ್ಟರೂ ಅಷ್ಟೇ. ಕುಲುಮೆಯಲ್ಲೇ ನಿಧಾನವಾಗಿ ಇಳಿಸಿ, ಅನೀಲಿಂಗ್ ಮಾಡಿ, ಅಲ್ಟ್ರಾಸಾನಿಕ್ ಪರೀಕ್ಷೆ ಮುಗಿಸಿದ ಬ್ಲಾಕಿಗೆ ಮಾತ್ರ ಹೆಚ್ಚಿನ ಹಣ ಸಲ್ಲುತ್ತದೆ.

ಎಲ್ಲದಕ್ಕೂ ಫೋರ್ಜಿಂಗೇ ಬೇಕೆಂಬ ಹಟವೂ ಸರಿಯಲ್ಲ. ಸಣ್ಣ ಪಂಚು, ಗೈಡ್ ಪಿನ್ನು, ಎಣ್ಣೆಯಲ್ಲಿ ಗಡಸಾಗುವ ಉಕ್ಕು ಒಎಚ್‌ಎನ್‌ಎಸ್‌ನ ಗೇಜುಗಳಿಗೆ ರೋಲ್ ಮಾಡಿದ ಸರಳು ಧಾರಾಳವಾಗಿ ಸಾಕು. ಅಲ್ಲಿ ಉಳಿದ ದುಡ್ಡನ್ನು ಡಿ2 ಡೈಗೆ ಎರಡನೇ ಸಲ ಟೆಂಪರಿಂಗ್ ಮಾಡಿಸಲು ಬಳಸುವುದು ಲೇಸು.