ಲ್ಯಾಟಿನ್ ಕ್ರಿಯಾಪದದ ನಾಲ್ಕನೆಯ ರೂಪ: ಒಂದು ಹೆಸರಿನ ಸಮಸ್ಯೆ

ಲ್ಯಾಟಿನ್ ಕಲಿಯುವವರು ಪ್ರತಿಯೊಂದು ಕ್ರಿಯಾಪದಕ್ಕೂ ನಾಲ್ಕು ಪ್ರಧಾನ ರೂಪಗಳನ್ನು ಕಂಠಪಾಠ ಮಾಡುತ್ತಾರೆ. 'ಒತ್ತು' ಎಂಬ ಅರ್ಥದ ಧಾತುವಿಗೆ ಅವು ಪ್ರೆಮೋ, ಪ್ರೆಮೆರೆ, ಪ್ರೆಸ್ಸೀ, ಪ್ರೆಸ್ಸುಮ್. ಇವುಗಳಲ್ಲಿ ನಾಲ್ಕನೆಯದರ ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಕೆನಡಿಯವರ ಪರಿಷ್ಕೃತ ಪ್ರೈಮರ್ (1888) ಅದನ್ನು ಸುಪೈನ್ ಎಂದು ಕರೆದರೆ, ವೀಲಾಕ್ ಅವರ ಪಠ್ಯ (1956) ಕರ್ಮಣಿ ಭೂತಕೃದಂತವೆಂದು ಕರೆಯುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ಈ ಎರಡನೆಯ ಹೆಸರು ಕಲಿಯುವವರನ್ನು ದಾರಿ ತಪ್ಪಿಸುತ್ತದೆ ಎಂಬುದು ನಮ್ಮ ವಾದ.

ಪ್ರೆಸ್ಸುಸ್ ಎಂದರೆ 'ಒತ್ತಲ್ಪಟ್ಟ'. ಅದೇ ಪ್ರಕೃತಿಯಿಂದ ಸಿದ್ಧವಾಗುವ ಪ್ರೆಸ್ಸೂರುಸ್ ಎಂಬುದರ ಅರ್ಥ 'ಒತ್ತಲಿರುವ'. ಇಲ್ಲಿ ಭೂತಕಾಲವೂ ಇಲ್ಲ, ಕರ್ಮಣಿಯೂ ಇಲ್ಲ. ಫೆರೋ ('ಹೊರು') ಧಾತುವಿನಲ್ಲಿ ಪ್ರಕೃತಿಯೇ ಪೂರ್ಣವಾಗಿ ಬದಲಾದರೂ ಲಾತುಸ್, ಲಾತೂರುಸ್ ಎಂಬ ರೂಪಗಳು ಜೊತೆಗೂಡಿಯೇ ಬರುತ್ತವೆ. ಆದ್ದರಿಂದ ಈ ಸಾಮ್ಯವನ್ನು ಆಕಸ್ಮಿಕವೆನ್ನಲಾಗದು. ಲೋಕ್ವೋರ್ ಎಂಬ ಡಿಪೋನೆಂಟ್ ಕ್ರಿಯಾಪದದ ಲೋಕೂತುಸ್ ಎಂಬ ರೂಪಕ್ಕೆ 'ಮಾತನಾಡಿದ' ಎಂಬ ಕರ್ತರಿ ಅರ್ಥವಿದೆ. ಸ್ಕ್ರೀಪ್ತುಸ್ ಎಂದರೆ 'ಬರೆಯಲ್ಪಟ್ಟ', ಸ್ಕ್ರೀಪ್ತೋರ್ ಎಂದರೆ 'ಬರೆಯುವವನು'. ಇವೆಲ್ಲವುಗಳಿಗೂ ಸಮಾನವಾದುದು ಆಕಾರ ಮಾತ್ರ, ಅರ್ಥವಲ್ಲ. ಮಾರ್ಕ್ ಆರೊನಾಫ್ 1994ರ ತಮ್ಮ ಗ್ರಂಥದಲ್ಲಿ ಇದನ್ನು 'ಮೂರನೆಯ ಪ್ರಕೃತಿ' ಎಂದು ಕರೆದು, ಅದಕ್ಕೆ ಸ್ವಂತ ಅರ್ಥವಿಲ್ಲವೆಂದು ಪ್ರತಿಪಾದಿಸಿದ್ದು ಇಂತಹ ಸಾಮಗ್ರಿಯ ಆಧಾರದಿಂದಲೇ.

ಹೆಸರಿನ ಇಕ್ಕಟ್ಟು ಪಠ್ಯದೊಳಗೇ ಕಾಣಿಸಿಕೊಳ್ಳುತ್ತದೆ. ಕರ್ಮಣಿ ಭೂತಕೃದಂತವಿಲ್ಲದ ಸುಮ್ ('ಇರು'), ಫುಗಿಯೋ ('ಓಡಿಹೋಗು') ಎಂಬ ಕ್ರಿಯಾಪದಗಳ ನಾಲ್ಕನೆಯ ಸ್ಥಾನದಲ್ಲಿ ವೀಲಾಕ್ ಅವರು ಫುತೂರುಮ್, ಫುಗಿತೂರುಮ್ ಎಂಬ ಕರ್ತರಿ ಭವಿಷ್ಯತ್ ಕೃದಂತಗಳನ್ನು ಕೊಡುತ್ತಾರೆ. ಪಟ್ಟಿ ಪ್ರಾಮಾಣಿಕವಾಗಿದೆ, ಶೀರ್ಷಿಕೆ ಹಾಗಿಲ್ಲ. ಸುಪೈನ್ ಎಂಬ ಹಳೆಯ ಹೆಸರಿಗೆ ಮರಳಿದರೂ ಪರಿಹಾರ ಸಿಗದು, ಏಕೆಂದರೆ ಅನೇಕ ಕ್ರಿಯಾಪದಗಳ ಸುಪೈನ್ ಪ್ರಯೋಗವೇ ಉಪಲಬ್ಧವಿಲ್ಲ.

ಸಂಸ್ಕೃತ ಬಲ್ಲ ಕನ್ನಡದ ವಿದ್ಯಾರ್ಥಿಗೆ ಇಲ್ಲೊಂದು ಆಮಿಷವಿದೆ. 'ಕೃತ' ಎಂಬುದರಿಂದ 'ಕೃತವತ್' ಬಂದಂತೆ ಕರ್ಮಣಿ ರೂಪದಿಂದಲೇ ಕರ್ತರಿ ರೂಪ ಬಂದಿತೆಂದು ಅವರು ಭಾವಿಸಬಹುದು. ಆದರೆ ಪಾಣಿನಿ ಕ್ತವತುವನ್ನು ಕ್ತದಿಂದ ಸಾಧಿಸುವುದಿಲ್ಲ; ಎರಡನ್ನೂ ಪ್ರತ್ಯೇಕ ಪ್ರತ್ಯಯಗಳಾಗಿರಿಸಿ, ಎರಡಕ್ಕೂ 'ನಿಷ್ಠಾ' ಎಂಬ ಒಂದೇ ಸಂಜ್ಞೆಯನ್ನು ಕೊಡುತ್ತಾನೆ. ಅರ್ಥದ ಹಂಗಿಲ್ಲದೆ ರೂಪಗಳನ್ನು ಒಂದು ಸಂಜ್ಞೆಯಡಿ ತರುವ ಈ ಕ್ರಮ ಲ್ಯಾಟಿನ್ ಬೋಧನೆಗೂ ಮಾದರಿಯಾಗಬಲ್ಲದು.

ನಮ್ಮ ವಾದಕ್ಕೂ ಮಿತಿಯಿದೆ. ಮೋರ್ತುವುಸ್ ('ಸತ್ತ') ಮತ್ತು ಮೊರಿತೂರುಸ್ ('ಸಾಯಲಿರುವ') ಎಂಬ ಜೋಡಿಯಲ್ಲಿ ಪ್ರಕೃತಿ ಒಂದೇ ಅಲ್ಲ. ಇಂತಹ ಕೆಲವು ಅಪವಾದಗಳನ್ನು ಬೇರೆಯಾಗಿಯೇ ಕಲಿಸಬೇಕು. ಆದರೆ ಅವು ಭವಿಷ್ಯತ್ ಕೃದಂತವು ಕರ್ಮಣಿ ಕೃದಂತದಿಂದ ಹುಟ್ಟಿತೆಂಬ ಕಲ್ಪನೆಯನ್ನು ಸಮರ್ಥಿಸುವುದಿಲ್ಲ, ಇನ್ನಷ್ಟು ದುರ್ಬಲಗೊಳಿಸುತ್ತವೆ.

ಕಂಠಪಾಠದ ಪಟ್ಟಿಯನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಪಟ್ಟಿ ಇರಲಿ, ಅದರ ನಾಲ್ಕನೆಯ ಸ್ಥಾನಕ್ಕೆ ಅರ್ಥಸೂಚಕವಲ್ಲದ ಹೆಸರಿರಲಿ. ಆಗ ಲಾತೂರುಸ್ ಎಂಬುದನ್ನು 'ಹೊರಲ್ಪಡಲಿರುವ' ಎಂದು ಓದುವ ತಪ್ಪಿಗೆ ಪಠ್ಯಪುಸ್ತಕವೇ ಕಾರಣವಾಗದು.